ಅಳತೆ ರವಿಕೆ

ಫುರುಸೆತ್, ಓಸ್ಲೋ
12 ಜನವರಿ 2003

ಪ್ರೀತಿಯ ತಂಗಿ ಮಲರ್‌ಗೆ ಅಣ್ಣ ತಿಲ್ಲೈನಾಥನ್ ಬರೆಯುವುದು.

ಈ ಕಾಗದದ ಜೊತೆ ಬಂದಿರುವ ಗಂಟನ್ನು ನೋಡಿ ಗಾಬರಿಯಾಗಬೇಡ. ಅದರಲ್ಲಿರುವುದು ಹದಿನಾಲ್ಕು ಹಳೆಯ ರವಿಕೆ, ಹದಿನಾಲ್ಕು ಹೊಸ ಬಟ್ಟೆ. ಎಲ್ಲವೂ ಇಲ್ಲಿರುವ ನಮ್ಮ ಹೆಂಗಸರವು. ಹಳೆಯ ರವಿಕೆಗೆ ಹೆಸರಿನ ಚೀಟಿ ಚುಚ್ಚಿದ್ದೇನೆ. ಅದೇ ಅಳತೆಗೆ ಜೊತೆಯ ಬಟ್ಟೆಯನ್ನು ಹೊಲಿಯಬೇಕು.

ಇಲ್ಲಿ ಸೀರೆ ಬೇಕಾದಷ್ಟು ಸಿಗುತ್ತದೆ, ರವಿಕೆ ಹೊಲಿಯುವವರು ಮಾತ್ರ ಇಲ್ಲ. ಒಬ್ಬಾಕೆ ನಾರ್ವೆಯವಳ ಹತ್ತಿರ ಕೊಟ್ಟು ನೋಡಿದಳಂತೆ, ಕೋಟಿನ ಹಾಗೆ ಹೊಲಿದು ಕೈಗೆ ಕೊಟ್ಟಳಂತೆ. ಹೋದ ದೀಪಾವಳಿಗೆ ಇಲ್ಲಿಯ ತಮಿಳು ಸಂಘದವರು ಊಟ ಹಾಕಿಸಿದಾಗ ಒಂದು ಮೂಲೆಯಲ್ಲಿ ಕೂತು ನೋಡಿದೆ. ಎಪ್ಪತ್ತು ಹೆಂಗಸರಿದ್ದರು, ಒಬ್ಬರ ರವಿಕೆಯ ತೋಳೂ ನೆಟ್ಟಗೆ ಕೂತಿರಲಿಲ್ಲ. ನಿನ್ನ ನೆನಪಾಯಿತು. ಈಗ ಅಲ್ಲಿ ಯುದ್ಧ ನಿಂತಿದೆ, ರಸ್ತೆ ತೆರೆದಿದೆ, ತಿಂಗಳಿಗೆ ಇಬ್ಬರಾದರೂ ಊರಿಗೆ ಹೋಗಿಬರುತ್ತಾರೆ. ಹೋಗುವವರ ಪೆಟ್ಟಿಗೆಯಲ್ಲಿ ಹಳೆಯದು, ಬರುವವರ ಪೆಟ್ಟಿಗೆಯಲ್ಲಿ ಹೊಸದು. ಇಷ್ಟೇ ವ್ಯಾಪಾರ.

ಇದನ್ನು ನನಗಾಗಿ ಮಾಡುತ್ತಿಲ್ಲ ಮಲರ್. ನನಗೇನು ಕಡಿಮೆಯಾಗಿದೆ. ಶಾಲೆಯ ಕೆಲಸವಿದೆ, ನಿನ್ನ ಅತ್ತಿಗೆ ಸುಗಂಧಿಗೂ ಕೆಲಸವಿದೆ. ಅಪ್ಪ ಹೋಗುವಾಗ ನಾನು ಹತ್ತಿರವಿರಲಿಲ್ಲ, ಎಲ್ಲ ನೀನೊಬ್ಬಳೇ ನೋಡಿಕೊಂಡೆ. ನಿನಗೆ ಅಂತ ಒಂದು ದಾರಿ ಮಾಡಿಕೊಡದಿದ್ದರೆ ನಾನು ಎಂಥ ಅಣ್ಣ.

ಫೋನಿನಲ್ಲಿ ಈ ವಿಷಯ ಎತ್ತಬೇಡ. ನೀನು ಮಾತಾಡುವುದು ಫೋನಿನ ಅಂಗಡಿಯಿಂದ, ಸರದಿಯಲ್ಲಿ ಕೂತವರೆಲ್ಲ ಕಿವಿ ನೆಟ್ಟಿರುತ್ತಾರೆ. ವ್ಯಾಪಾರದ ಮಾತು ಕಾಗದದಲ್ಲೇ ಇರಲಿ.

ನಿನ್ನ ಅಣ್ಣ,
ತಿಲ್ಲೈ


ಇಣುವಿಲ್, ಯಾಳ್ಪಾಣ (ಜಾಫ್ನಾ)
9 ಫೆಬ್ರವರಿ 2003

ಪ್ರೀತಿಯ ಅಣ್ಣನಿಗೆ,

ಹದಿನಾಲ್ಕೂ ಹೊಲಿದಾಯಿತು. ಇದನ್ನು ತರುತ್ತಿರುವವರ ಪೆಟ್ಟಿಗೆಯಲ್ಲಿ ಒಣಮೀನಿನ ಪೊಟ್ಟಣವೂ ಇದೆ. ವಾಸನೆ ಹಿಡಿದಿದ್ದರೆ ಬಯ್ಯಬೇಡ, ಬಿಸಿಲಿಗೆ ಹಾಕು. ಬಿಸಿಲು ಇದ್ದರೆ.

ಅಲ್ಲಿ ನಮ್ಮವರು ಏನು ತಿನ್ನುತ್ತಾರೆ ಅಣ್ಣ? 'ಮಂಗೈಯರ್ಕರಸಿ' ಅಂತ ಚೀಟಿ ಇರುವ ರವಿಕೆಯನ್ನು ಮೂರು ಸಲ ಬಿಚ್ಚಿ ಅಗಲ ಮಾಡಿದ್ದಾರೆ, ಇನ್ನು ಬಿಚ್ಚಲು ಒಳಗೆ ಬಟ್ಟೆಯೇ ಉಳಿದಿಲ್ಲ. ಅವರಿಗೆ ಅರ್ಧ ಇಂಚು ಹೆಚ್ಚೇ ಇಟ್ಟು ಹೊಲಿದಿದ್ದೇನೆ. ಅಳತೆಯ ಪ್ರಕಾರವೇ ಇದೆ ಅಂತ ಹೇಳು. ತಾನು ತೆಳ್ಳಗಾದೆ ಅಂದುಕೊಂಡು ಸಂತೋಷಪಡಲಿ.

ಇನ್ನೊಂದು ನೋಡಿದೆ. ಎಂಟು ಒಂಬತ್ತು ರವಿಕೆಗಳಲ್ಲಿ ಬಲಗಡೆಯ ಕಂಕುಳು ಸವೆದು ಹೋಗಿದೆ, ಎಡಗಡೆ ಹೊಸದರಂತಿದೆ. ಒಂದೇ ಕೈ ಆಡಿಸುವ ಕೆಲಸ ಮಾಡಿದರೆ ಹಾಗಾಗುವುದು. ನೆಲ ಒರೆಸುತ್ತಾರಾ ಅಲ್ಲಿ ನಮ್ಮ ಹೆಂಗಸರು? ಪಾಪ. ಅತ್ತಿಗೆಯಾದರೂ ಆ ಕೆಲಸಕ್ಕೆ ಹೋಗುವುದಿಲ್ಲ ತಾನೇ? ಅವರ ಅಳತೆ ರವಿಕೆಯನ್ನು ಯಾಕೆ ಕಳಿಸಲಿಲ್ಲ? ನನ್ನ ಕೈಯ ಮೊದಲ ರವಿಕೆ ಅವರದೇ ಆಗಬೇಕಿತ್ತು.

ಪಾಕ್ಯಂ ಚಿಕ್ಕಮ್ಮ ಗಟ್ಟಿಯಾಗಿದ್ದಾರೆ. ನೀನು ಬಿಳಿಯರ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತೀಯ ಅಂತ ಬಾವಿಕಟ್ಟೆಯಲ್ಲಿ ಹೇಳದ ದಿನವಿಲ್ಲ.

ನಿನ್ನ ತಂಗಿ,
ಮಲರ್


ಫುರುಸೆತ್
3 ಏಪ್ರಿಲ್ 2003

ಪ್ರೀತಿಯ ಮಲರ್,

ನೀನು ಗೆದ್ದೆ. ಹೆಂಗಸರು ಕನ್ನಡಿ ಬಿಟ್ಟು ಕದಲುತ್ತಿಲ್ಲವಂತೆ. ಈ ಸಲ ಇಪ್ಪತ್ತೆರಡು ಕಳಿಸಿದ್ದೇನೆ.

ಮನೆಯ ಜಗಲಿ ಸಾಲದು. ಕೆ.ಕೆ.ಎಸ್. ರಸ್ತೆಯಲ್ಲಿ ಒಂದು ಅಂಗಡಿ ಹಿಡಿ, ಕೈಗೆ ಇಬ್ಬರು ಹುಡುಗಿಯರನ್ನು ಇಟ್ಟುಕೋ. ಬೋರ್ಡು ಹೀಗೆ ಬರೆಸು: 'ತಿಲ್ಲೈ ಮಾಸ್ಟರ್ ಹೊಲಿಗೆ ನಿಲಯ, ಓಸ್ಲೋ – ಯಾಳ್ಪಾಣ.' ಓಸ್ಲೋ ಮೊದಲು ಬರಬೇಕು. ಬರೆಸಿದ ಮೇಲೆ ಫೋಟೋ ತೆಗೆಸಿ ಕಳಿಸು, ಸಂಘದಲ್ಲಿ ತೋರಿಸಬೇಕು.

ಒಂದು ಕಟ್ಟುನಿಟ್ಟು. ಗಂಟಿನಲ್ಲಿ ನಿನ್ನ ಹೆಸರು, ವಿಳಾಸದ ಚೀಟಿ ಇಡಬೇಡ. ಗಿರಾಕಿಗಳು ಏನಿದ್ದರೂ ನನ್ನ ಹತ್ತಿರವೇ ಮಾತಾಡಲಿ. ನೂರು ಜನ ನೂರು ಹೇಳಿದರೆ ನಿನಗೆ ತಲೆನೋವು.

ಮೊನ್ನೆ ಸಂಘದ ಸಭೆಗೆ ಸ್ವಲ್ಪ ತಡವಾಗಿ ಹೋದೆ. ಯಾರೋ ಎದ್ದು, 'ಧಣಿಗಳು ಬಂದ್ರು, ಮುಂದೆ ಜಾಗ ಬಿಡ್ರಪ್ಪ' ಎಂದರು. ತಮಾಷೆಗೇ ಅಂದದ್ದು. ಆದರೂ ಜಾಗ ಬಿಟ್ಟರು.

ಸುಗಂಧಿ ಚೆನ್ನಾಗಿದ್ದಾಳೆ. ಅವಳು ಈಗ ಸೀರೆ ಉಡುವುದೇ ಅಪರೂಪ, ಚಳಿಗೆ ಪ್ಯಾಂಟೇ ಸರಿ ಅನ್ನುತ್ತಾಳೆ.

ಅಣ್ಣ


ಇಣುವಿಲ್
20 ಸೆಪ್ಟೆಂಬರ್ 2003

ಪ್ರೀತಿಯ ಅಣ್ಣನಿಗೆ,

ಬೋರ್ಡಿನ ಫೋಟೋ ಇಟ್ಟಿದ್ದೇನೆ. ಬರೆದವನು ಓಸ್ಲೋವನ್ನು ಎಷ್ಟು ದಪ್ಪ ಬರೆದನೆಂದರೆ ಯಾಳ್ಪಾಣಕ್ಕೆ ಜಾಗ ಸಾಲದೆ ಕೊನೆಯಕ್ಷರ ಮೂಲೆಗೆ ಅಂಟಿಕೊಂಡಿದೆ. ಎದುರಿನ ಸೈಕಲ್ ಅಂಗಡಿಯವರು, 'ನಿಮ್ಮ ಮಾಸ್ಟರ್ ಯಾವಾಗಮ್ಮ ಬರ್ತಾರೆ, ನನಗೊಂದು ಷರಟು ಹೊಲಿಸಬೇಕು' ಅಂತ ದಿನಾ ಕೆಣಕುತ್ತಾರೆ. ನಾನೂ, 'ವಿಮಾನದಲ್ಲಿ ಬಂದು ಅಳತೆ ತಗೊಳ್ತಾರೆ, ಸ್ವಲ್ಪ ಕಾಯಿರಿ' ಅನ್ನುತ್ತೇನೆ.

ನಿರೂಪಾ, ಕವಿತಾ ಅಂತ ಇಬ್ಬರು ಹುಡುಗಿಯರು ಬರುತ್ತಾರೆ. ನಿರೂಪಾಳ ಕೈ ಚುರುಕು. ಕವಿತಾಳಿಗೆ ಇಟಲಿಯಿಂದ ಗಂಡು ಗೊತ್ತಾಗಿದೆ, ಬರುವ ಮಾರ್ಚಿನಲ್ಲಿ ಮದುವೆಯಾಗಿ ಹೊರಡುತ್ತಾಳೆ.

ಅದರಿಂದಲೇ ಈ ಮಾತು. ಚಿಕ್ಕಮ್ಮನ ಹಟಕ್ಕೆ ಬರೆಯುತ್ತಿದ್ದೇನೆ. 'ಊರಿನ ಹುಡುಗಿಯರೆಲ್ಲ ಹೋಗ್ತಿದಾರೆ, ನಿನ್ನಣ್ಣನ ಕಣ್ಣಿಗೆ ಅಲ್ಲಿ ಒಬ್ಬ ಗಂಡಸೂ ಬೀಳಲಿಲ್ವಾ, ಕೇಳು' ಅಂತ ಒಂದೇ ಸಮ. ನನಗೆ ಮೂವತ್ತೈದಾಯಿತು, ಈಗೇನು ಅಂದರೆ ಮುಖ ತಿರುಗಿಸಿ ಕೂರುತ್ತಾರೆ. ಎರಡನೇ ಮದುವೆಯವರಾದರೂ ತೊಂದರೆಯಿಲ್ಲವಂತೆ. ಇದೂ ಚಿಕ್ಕಮ್ಮನ ಮಾತೇ. ನಿನಗೆ ಬಿಡುವಿದ್ದಾಗ ನೋಡು, ಅವಸರವಿಲ್ಲ.

ಮಲರ್


ಫುರುಸೆತ್
15 ಫೆಬ್ರವರಿ 2004

ಮಲರ್,

ತಡವಾಗಿ ಬರೆಯುತ್ತಿದ್ದೇನೆ, ಕೆಲಸ ಹೆಚ್ಚು. ಗಂಟಿನಲ್ಲಿ ಮೂವತ್ತೊಂದಿವೆ. ತೋಳಿಗೆ ಅಂಚು ಹಚ್ಚುವುದನ್ನು ಮರೆಯಬೇಡ.

ಚಿಕ್ಕಮ್ಮ ಕೇಳಿದ ವಿಷಯ. ವಿಚಾರಿಸಿದೆ. ಇಲ್ಲಿ ಮದುವೆಗೆ ಉಳಿದಿರುವವರೆಂದರೆ ಕುಡಿಯುವವರು, ಇಲ್ಲವೇ ನಲವತ್ತೈದಕ್ಕೆ ಇಪ್ಪತ್ತೈದರ ಹುಡುಗಿ ಬೇಕೆನ್ನುವವರು. ನಿನ್ನನ್ನು ಅಂಥವರ ಕೈಗೆ ಕೊಡಲು ನನಗೆ ಮನಸ್ಸಿಲ್ಲ. ಈ ದೇಶವೂ ನೀನು ಅಂದುಕೊಂಡ ಹಾಗಿಲ್ಲ. ಆರು ತಿಂಗಳು ಬೆಳಕಿಲ್ಲ, ಹೆಂಗಸರು ಗೋಡೆ ನೋಡಿಕೊಂಡು ಅಳುತ್ತಾರೆ. ಅಲ್ಲಿ ನಿನಗೆ ಅಂಗಡಿಯಿದೆ, ಹೆಸರಿದೆ, ನಾಲ್ಕು ಜನ ಎದ್ದು ನಿಲ್ಲುತ್ತಾರೆ. ಇದನ್ನೆಲ್ಲ ಬಿಟ್ಟು ಇಲ್ಲಿ ಬಂದು ಯಾರದೋ ಅಡಿಗೆಮನೆಯಲ್ಲಿ ಪಾತ್ರೆ ತೊಳೆಯುತ್ತೀಯಾ?

ಚಿಕ್ಕಮ್ಮನಿಗೆ ಸಮಾಧಾನ ಹೇಳು. ನೋಡುತ್ತಿರುತ್ತೇನೆ.

ಅಣ್ಣ


ಇಣುವಿಲ್
11 ಏಪ್ರಿಲ್ 2004

ಅಣ್ಣನಿಗೆ,

ಮೂವತ್ತೊಂದೂ ಕಳಿಸಿದ್ದೇನೆ. ಅಂಚು ಹಚ್ಚಿದೆ.

ಚಿಕ್ಕಮ್ಮನಿಗೆ ಹೇಳಿದೆ. ಅವರು ನನಗೆಂದು ಹಸಿರು ಸೀರೆಯೊಂದನ್ನು ಎತ್ತಿಟ್ಟಿದ್ದರು, ಅದನ್ನು ಕವಿತಾಳ ಮದುವೆಗೆ ಕೊಟ್ಟೆವು.

ಮಲರ್


ಫುರುಸೆತ್
2 ಮೇ 2005

ಪ್ರೀತಿಯ ಮಲರ್,

ಹೇಗಿದ್ದೀಯಮ್ಮ? ಕಣ್ಣು ನೋವು ಅಂದಿದ್ದೆಯಲ್ಲ, ಡಾಕ್ಟರಿಗೆ ತೋರಿಸಿದೆಯಾ? ಕತ್ತಲಾದ ಮೇಲೆ ಹೊಲಿಯಬೇಡ. ನಿನಗೊಂದು ಉಣ್ಣೆಯ ಶಾಲು ಕಳಿಸಿದ್ದೇನೆ. ಅಲ್ಲಿಯ ಸೆಕೆಗೆ ಬೇಡವೇ ಬೇಡ, ಗೊತ್ತು. ಇಲ್ಲಿ ಅಂಗಡಿಯಲ್ಲಿ ನೋಡಿದಾಗ ಯಾಕೋ ತೆಗೆದುಕೊಳ್ಳಬೇಕು ಅನಿಸಿತು.

ಈ ಗಂಟಿನಲ್ಲಿ ಒಂದೇ ಒಂದು ರವಿಕೆಯಿದೆ. ಮದುವಣಗಿತ್ತಿಯದು. ಕೆಂಪು ರೇಷ್ಮೆ, ಬೆನ್ನಿಗೂ ತೋಳಿಗೂ ಜರಿಯ ಕೈಕೆಲಸ ಆಗಬೇಕು. ಜುಲೈ ಮೊದಲ ವಾರಕ್ಕೆ ಇಲ್ಲಿರಬೇಕು. ಬೇಕಾದವರು, ಇಲ್ಲ ಅನ್ನಲಾಗಲಿಲ್ಲ. ನಿನ್ನಿಂದ ಆಗದಿದ್ದರೆ ಆಗದು ಅಂತಲೇ ಬರೆ, ನಾನೇ ಏನಾದರೂ ಹೇಳಿ ತಪ್ಪಿಸಿಕೊಳ್ಳುತ್ತೇನೆ.

ಅಣ್ಣ


ಇಣುವಿಲ್
12 ಜೂನ್ 2005

ಪ್ರೀತಿಯ ಅಣ್ಣನಿಗೆ,

ಆಗದು ಅಂತ ಯಾಕೆ ಬರೆಯಲಿ? ಇಂಥ ಕೆಲಸ ಎಷ್ಟು ದಿನಕ್ಕೆ ಕೈಗೆ ಸಿಕ್ಕಿತು. ಇಪ್ಪತ್ತಾರು ದಿನ ಕೂತೆ. ಬೆನ್ನಿಗೆ ಎರಡು ನವಿಲು, ತೋಳಿಗೆ ಬಳ್ಳಿ. ನಿರೂಪಾಳಿಗೆ ಮುಟ್ಟಲೂ ಬಿಡಲಿಲ್ಲ. ಚಿಕ್ಕಮ್ಮ ಕನ್ನಡಕ ಹಾಕಿಕೊಂಡು ತಿರುಗಿಸಿ ತಿರುಗಿಸಿ ನೋಡಿ, 'ಇದನ್ನ ಹಾಕ್ಕೊಳ್ಳೋಳು ಪುಣ್ಯ ಮಾಡಿರಬೇಕು ಬಿಡು' ಅಂದರು.

ತೆಳ್ಳನೆಯ ಹುಡುಗಿ, ಎತ್ತರ ಇರಬೇಕು. ಮದುವೆಯ ಫೋಟೋ ಒಂದನ್ನು ಬೇಡಿ ಕಳಿಸು. ಅಂಗಡಿಯ ಗೋಡೆಗೆ ಹಾಕುತ್ತೇನೆ.

ಶಾಲು ಚೆನ್ನಾಗಿದೆ. ನನ್ನ ಮೇಲೆ ಇಷ್ಟೊಂದು ಕಾಳಜಿ ಮಾಡಬೇಡ, ಅಭ್ಯಾಸವಿಲ್ಲ.

ಮಲರ್


ಇಣುವಿಲ್
19 ಮಾರ್ಚ್ 2006

ಅಣ್ಣನಿಗೆ,

ನೀನು ಫೋಟೋ ಕಳಿಸಲೇ ಇಲ್ಲ. ಎರಡು ಸಲ ಕೇಳಿದೆ, ಎರಡು ಸಲವೂ ಮರೆತೆ ಅಂದೆ. ಈಗ ಬೇಡ.

ಹೋದ ವಾರ ಅಂಗಡಿಯ ಮುಂದೆ ಒಂದು ಆಟೋ ನಿಂತಿತು. ದಪ್ಪಗಿರುವ ಹೆಂಗಸು ಇಳಿದು ನಿನ್ನ ಬೋರ್ಡನ್ನು ಓದಿಕೊಂಡು ಒಳಗೆ ಬಂದರು. ಅವರು ತೊಟ್ಟಿದ್ದ ರವಿಕೆ ನಾನೇ ಹೊಲಿದದ್ದು. ಅರ್ಧ ಇಂಚು ಹೆಚ್ಚಿಟ್ಟ ರವಿಕೆ. ಮಂಗೈಯರ್ಕರಸಿ. ತಾಯಿಯ ತಿಥಿಗೆ ಹತ್ತಿರದ ಕೋಪಾಯಿಗೆ ಬಂದಿದ್ದರಂತೆ.

'ತಿಲ್ಲೈ ಮಾಸ್ಟರ ತಂಗಿ ಯಾರಮ್ಮ?' ಅಂದರು.

'ನಾನೇ.'

ನನ್ನನ್ನು ಮೇಲಿಂದ ಕೆಳಗೆ ನೋಡಿದರು. 'ನೀನು ಕಾವಿ ಸೀರೆ ಉಟ್ಕೊಂಡು, ಕತ್ತಿಗೆ ಜಪಮಣಿ ಹಾಕ್ಕೊಂಡಿರ್ತೀಯ ಅಂದ್ಕೊಂಡಿದ್ದೆ ಕಣಮ್ಮ.'

ನಾನು ನಕ್ಕೆ. ಯಾಕೆ ಅಂತ ಕೇಳಿದೆ.

'ಮದುವೆ ಸುದ್ದಿ ಎತ್ತಿದರೆ ಊಟ ಬಿಡ್ತೀಯ, ದೇವರ ಕಡೆ ಮನಸ್ಸು ಹೋಗಿಬಿಟ್ಟಿದೆ ಅಂತ ನಿನ್ನಣ್ಣ ಹೇಳಿದ್ರಲ್ಲ.'

'ಯಾವಾಗ ಹೇಳಿದ್ದು?'

'ಎರಡು ವರ್ಷ ಆಯ್ತು. ಪೊಂಗಲ್ ಕಳೆದು ನಾಲ್ಕು ದಿನ. ನಾನೇ ಅವರ ಮನೆಗೆ ಹೋಗಿ ಕೇಳಿದೆ. ನನ್ನ ತಮ್ಮ ಸತ್ಯಸೀಲನಿಗೆ. ಬಸ್ಸು ಓಡಿಸ್ತಾನೆ, ಕುಡಿಯಲ್ಲ, ಸೇದಲ್ಲ. ನಿನ್ನ ಹೊಲಿಗೆ ನೋಡಿದವನೇ ಅವನು. ಅಕ್ಕ, ಇಷ್ಟು ವರ್ಷದಲ್ಲಿ ನಿನ್ನ ಮೈಮೇಲೆ ನೆಟ್ಟಗೆ ಕೂತ ರವಿಕೆ ಇದೊಂದೇ, ಯಾರು ಹೊಲಿದ್ರು, ಅವರಿಗೆ ಮದುವೆ ಆಗಿದ್ಯಾ ಅಂದ. ನಾನು ಒಂದು ಸಲ ಅಲ್ಲ, ಎರಡು ಸಲ ಕೇಳಿದೆ. ಕಾಗದ ಬರೆದೆ, ಸುತರಾಂ ಒಪ್ಪಲಿಲ್ಲ ಅಂದ್ರು ನಿನ್ನಣ್ಣ.'

ನಾನು ಟೇಪು ತೆಗೆದುಕೊಂಡು ಅವರ ಅಳತೆ ತೆಗೆಯತೊಡಗಿದೆ. ಏನಾದರೂ ಮಾಡುತ್ತಿರಬೇಕಿತ್ತು.

'ಈಗ ಅವರು?' ಅಂದೆ.

'ಹೋದ ಜುಲೈನಲ್ಲಿ ಆಯ್ತಲ್ಲ. ಡೆನ್ಮಾರ್ಕಿನ ಹುಡುಗಿ. ಆ ನವಿಲಿನ ರವಿಕೆ ನೀನೇ...' ಅಂದವರು ನನ್ನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು. ಆಮೇಲೆ ನನ್ನ ಕೈಯಿಂದ ಟೇಪು ಬಿಡಿಸಿಕೊಂಡು, 'ನಿನ್ನನ್ನ ಯಾರೂ ಕೇಳಲೇ ಇಲ್ವಾ ಮಗಳೇ?' ಅಂದರು.

ನಿರೂಪಾ ಮೆಷಿನ್ ನಿಲ್ಲಿಸಿ ಕೂತಿದ್ದಳು. ಅವಳನ್ನು ನೀರು ತರಲು ಕಳಿಸಿದೆ.

ಹೋಗುವಾಗ ಅವರು ನಿನ್ನ ಪರವಾಗಿಯೇ ಮಾತಾಡಿದರು. 'ನಿನ್ನಣ್ಣನ್ನ ಬೈಬೇಡ. ಹೆಂಡತಿ ಬಿಟ್ಟು ಹೋಗಿ ನಾಲ್ಕನೇ ವರ್ಷ, ಹಗಲೆಲ್ಲ ಶಾಲೆ ನೆಲ ಒರೆಸಿ ಒಬ್ರೇ ಬಂದು ಒಂದು ರೂಮಲ್ಲಿ ಬಿದ್ದಿರ್ತಾರೆ' ಅಂದರು. ನನಗೆ ಇದೆಲ್ಲ ಗೊತ್ತಿದೆ ಅಂದುಕೊಂಡೇ ಅಂದರು. ನಾನೂ ಗೊತ್ತಿರುವವಳ ಹಾಗೆ ತಲೆಯಾಡಿಸಿದೆ.

ನಾನು ಇಪ್ಪತ್ತಾರು ದಿನ ಕೂತು ಹೊಲಿದೆ ಅಣ್ಣ. ನೀನು ಬೇಡ ಅನ್ನಬಹುದಿತ್ತು. ಆ ಒಂದು ಬಟ್ಟೆಯನ್ನಾದರೂ ಬೇರೆಯವರಿಗೆ ಕೊಡಬಹುದಿತ್ತು.

ಯಾಕೆ, ಅಷ್ಟು ಬರೆ.

ಮಲರ್


ಫುರುಸೆತ್
23 ಏಪ್ರಿಲ್ 2006

ಮಲರ್,

ಈ ಕಾಗದವನ್ನು ನಾಲ್ಕು ಸಲ ಹರಿದು ಬರೆಯುತ್ತಿದ್ದೇನೆ.

ಶಾಲೆಯಲ್ಲಿ ಕೆಲಸ ಅಂದದ್ದು ಸುಳ್ಳಲ್ಲ. ಏನು ಕೆಲಸ ಅಂತ ನೀವ್ಯಾರೂ ಕೇಳಲಿಲ್ಲ. ನಾನು ಬಂದ ವರ್ಷ ಊರಿನ ಮೇಷ್ಟ್ರ ಕೆಲಸದ ಸರ್ಟಿಫಿಕೇಟುಗಳನ್ನು ಎತ್ತಿಕೊಂಡು ಹೋದೆ. ಮೂರು ವರ್ಷ ಭಾಷೆ ಕಲಿ, ಮತ್ತೆ ಮೂರು ವರ್ಷ ಓದು, ಆಮೇಲೆ ನೋಡೋಣ ಎಂದರು. ಅಲ್ಲಿ ಅಪ್ಪ ಹಾಸಿಗೆ ಹಿಡಿದಿದ್ದರು, ನೀನು ಕಾಗದದ ಮೇಲೆ ಕಾಗದ ಬರೆಯುತ್ತಿದ್ದೆ. ಆರು ವರ್ಷ ಎಲ್ಲಿಂದ ತರಲಿ? ಒರೆಸುವ ಕೋಲು ಹಿಡಿದೆ. ಒಂದು ದಿನ ಏಳನೇ ತರಗತಿಯ ಬೋರ್ಡಿನಲ್ಲಿ ಭಿನ್ನರಾಶಿಯ ಲೆಕ್ಕವೊಂದು ತಪ್ಪಿತ್ತು. ಸೀಮೆಸುಣ್ಣ ತೆಗೆದುಕೊಂಡು ಸರಿ ಮಾಡಿದೆ. ಮರುದಿನ ಮೇಲ್ವಿಚಾರಕ ಕರೆದು, 'ನಿನ್ನ ಕೆಲಸ ನೆಲದ್ದು, ಗೋಡೆಯದ್ದಲ್ಲ' ಎಂದ. ನನ್ನ ಮಗನ ವಯಸ್ಸಿನವನು. ಮಗನಿದ್ದಿದ್ದರೆ.

ಸುಗಂಧಿ ಹೋದದ್ದು ಎರಡು ಸಾವಿರದ ಎರಡರ ಅಕ್ಟೋಬರಿನಲ್ಲಿ. ದೀಪಾವಳಿಯ ಊಟಕ್ಕೆ ಒಬ್ಬನೇ ಹೋಗಿದ್ದೆ. ಯಾರೂ ಪಕ್ಕದಲ್ಲಿ ಕೂರಲಿಲ್ಲ. ಆವತ್ತೇ ರವಿಕೆಗಳನ್ನು ನೋಡಿದ್ದು.

ನಿನಗಾಗಿ ಅಂತ ಬರೆದಿದ್ದೆ. ಬರೆಯುವಾಗ ನಾನೂ ನಂಬಿದ್ದೆ. ಈ ದೇಶದಲ್ಲಿ ನಾನು ಏನಾದರೂ ಆಗಬೇಕಿದ್ದರೆ ಆ ಊರಿನಿಂದಲೇ ಆಗಬೇಕಿತ್ತು ಮಲರ್. ಇಲ್ಲಿ ನನ್ನ ಹತ್ತಿರ ಏನಿತ್ತು? ಅಲ್ಲಿ ನೀನಿದ್ದೆ, ನಿನ್ನ ಕೈಯಿತ್ತು. ಗಂಟು ಹಿಡಿದುಕೊಂಡು ಹೋದರೆ ಜನ ಬಾಗಿಲು ತೆರೆದು 'ಬನ್ನಿ ಮಾಸ್ಟರ್' ಅನ್ನುತ್ತಿದ್ದರು. ಟೀ ಕೊಡುತ್ತಿದ್ದರು. ಮಕ್ಕಳಿಗೆ, 'ಮಾಸ್ಟರಿಗೆ ಕುರ್ಚಿ ಹಾಕು' ಅನ್ನುತ್ತಿದ್ದರು. ಎಷ್ಟೋ ವರ್ಷದ ಮೇಲೆ ಆ ಮಾತು ಕೇಳಿದೆ.

ಮಂಗೈ ಬಂದು ಕೇಳಿದ ದಿನ ನಾನು ಹಾಸಿಗೆಯ ಮೇಲೆ ಕೂತು ಬಹಳ ಹೊತ್ತು ಯೋಚಿಸಿದೆ. ನೀನು ಇಲ್ಲಿಗೆ ಬರುತ್ತೀಯ. ಸತ್ಯಸೀಲನ ಮನೆಯಲ್ಲಿ ಮೆಷಿನ್ ಇಟ್ಟುಕೊಳ್ಳುತ್ತೀಯ. ಹೆಂಗಸರು ನೇರವಾಗಿ ನಿನ್ನ ಹತ್ತಿರ ಬರುತ್ತಾರೆ. ಆಮೇಲೆ ನಾನು ಯಾರಿಗೆ ಬೇಕು? ಒಂದು ವರ್ಷ ತಡೆಯೋಣ, ವ್ಯಾಪಾರ ಗಟ್ಟಿಯಾಗಲಿ, ಆಮೇಲೆ ನಾನೇ ನಿಂತು ಮಾಡಿಸುತ್ತೇನೆ ಅಂದುಕೊಂಡೆ. ವರ್ಷ ಕಳೆಯುವುದರೊಳಗೆ ಅವನಿಗೆ ಬೇರೆ ಕಡೆ ಗೊತ್ತಾಯಿತು.

ಒಂದು ಮಾತು ಹೇಳಿದರೆ ಸಿಟ್ಟಾಗಬೇಡ. ಚಿಕ್ಕಮ್ಮನ ಹಟಕ್ಕೆ ಬರೆಯುತ್ತಿದ್ದೇನೆ, ಅವಸರವಿಲ್ಲ ಅಂತ ನೀನೇ ಬರೆದಿದ್ದೆ. ನಿನಗೇ ಆಸೆಯಿದೆ ಅಂತ ಒಂದು ಸಾಲು ಬರೆದಿದ್ದರೆ ನಾನು ಹಾಗೆ ಮಾಡುತ್ತಿದ್ದೆನಾ?

ಮಂಗೈ ವಾಪಸು ಬಂದ ಮೇಲೆ ಇಲ್ಲಿ ಎಲ್ಲರಿಗೂ ಗೊತ್ತಾಗಿದೆ. ಎರಡು ಮನೆಗೆ ಹೋದೆ, ಬಾಗಿಲಲ್ಲೇ ನಿಲ್ಲಿಸಿ ಮಾತಾಡಿದರು. ಬೆನ್ನು ನೋವಿಗೆ ಶಾಲೆಯ ಕೆಲಸವೂ ಬಿಟ್ಟುಹೋಗುವ ಹಾಗಿದೆ. ನಾನು ಊರಿಗೆ ಬಂದುಬಿಡಲಾ? ಅಂಗಡಿಯಲ್ಲಿ ಕೂರುತ್ತೇನೆ. ಹುಕ್ಕು ಹಚ್ಚಲು, ಕಾಜ ಹಾಕಲು ಬೇಕಾದರೂ ಕಲಿಯುತ್ತೇನೆ. ಬಾ ಅಂತ ಒಂದು ಸಾಲು ಬರೆದರೆ ಸಾಕು.

ನಿನ್ನ ಅಣ್ಣ,
ತಿಲ್ಲೈ


ಇಣುವಿಲ್
28 ಮೇ 2006

ತಿಲ್ಲೈನಾಥನ್ ಅವರಿಗೆ,

ನಿಮ್ಮ ಕಾಗದ ತಲುಪಿತು.

ಚಿಕ್ಕಮ್ಮನ ಹೆಸರು ಹೇಳಿ ಬರೆದದ್ದು ನಿಜ. ನನಗೆ ಗಂಡು ಬೇಕು ಅಂತ ಅಣ್ಣನಿಗೆ ಬರೆಯಲು ಈ ಊರಿನ ಯಾವ ಹೆಣ್ಣಿಗೂ ಕೈ ಬರುವುದಿಲ್ಲ. ಅದು ನಿಮಗೆ ಅರ್ಥವಾಗಿತ್ತು. ಆಗದಿದ್ದರೆ ಐದು ತಿಂಗಳು ತೆಗೆದುಕೊಂಡು, ಕುಡುಕರು, ಕತ್ತಲೆ, ಪಾತ್ರೆ ಅಂತೆಲ್ಲ ಹುಡುಕಿ ಹುಡುಕಿ ಬರೆಯುತ್ತಿರಲಿಲ್ಲ.

ನೆಲ ಒರೆಸಿದ್ದಕ್ಕೆ ನನಗೆ ನಾಚಿಕೆಯಿಲ್ಲ. ಮೊದಲೇ ಹೇಳಿದ್ದರೆ ಅಪ್ಪನ ಔಷಧಿಗೆ ಇನ್ನಷ್ಟು ಕಳಿಸಿ ಅಂತ ನಾನು ಬರೆಯುತ್ತಿರಲಿಲ್ಲ. ಅಲ್ಲಿ ನಿಮ್ಮನ್ನು ಯಾರೋ ಗೋಡೆ ಮುಟ್ಟಬೇಡ ಅಂದರು. ಅದಕ್ಕೆ ನೀವು ಇಲ್ಲಿ ಒಬ್ಬಳನ್ನು ಮೆಷಿನ್ ಬಿಟ್ಟು ಏಳದ ಹಾಗೆ ಮಾಡಿದಿರಿ. ಇದನ್ನು ಹೇಗೆ ಓದಿದರೂ ನನಗೆ ಸರಿಹೋಗುತ್ತಿಲ್ಲ.

ಚಿಕ್ಕಮ್ಮನಿಗೆ ಏನೂ ಹೇಳಿಲ್ಲ. ಬಾವಿಕಟ್ಟೆಯಲ್ಲಿ ಅವರು ನಿಮ್ಮ ಬಗ್ಗೆ ಹೇಳುತ್ತಲೇ ಇರಲಿ. ಅವರಿಗೆ ಉಳಿದಿರುವ ಸಂತೋಷ ಅದು.

ಅಂಗಡಿಯ ವಿಷಯ. ಬೋರ್ಡು ಇಳಿಸಿದೆ. ಹೊಸದರಲ್ಲಿ ನನ್ನ ಹೆಸರಿದೆ, ಊರಿನ ಹೆಸರಿದೆ. ಅಲ್ಲಿಯ ಹೆಂಗಸರ ಅಳತೆ ರವಿಕೆಗಳೆಲ್ಲ ನನ್ನ ಹತ್ತಿರವೇ ಇವೆ, ವಾಪಸು ಕಳಿಸುವುದಿಲ್ಲ. ಬಟ್ಟೆಗಳನ್ನು ಇನ್ನು ಮುಂದೆ ಮಂಗೈ ಅಕ್ಕನೇ ಸೇರಿಸಿ ಕಳಿಸುತ್ತಾರೆ. ಮೊದಲ ಗಂಟು ಬಂತು. ಅದರಲ್ಲಿ ಅತ್ತಿಗೆಯದೂ ಒಂದಿತ್ತು. ಬಹಳ ಇಳಿದುಹೋಗಿದ್ದಾರೆ, ಅಳತೆ ರವಿಕೆಯನ್ನು ಎರಡೂ ಕಡೆ ಒಂದೂವರೆ ಇಂಚು ಒಳಗೆ ಹಿಡಿದು ಹೊಲಿದುಕೊಂಡಿದ್ದರು. ಚೀಟಿಯಲ್ಲಿ ಹೆಸರು ಬಿಟ್ಟು ಬೇರೇನೂ ಬರೆದಿರಲಿಲ್ಲ. ನಾನೂ ಏನೂ ಬರೆಯದೆ ಹೊಲಿದು ಕಳಿಸಿದೆ.

ಮಂಗೈ ಅಕ್ಕ ಇನ್ನೊಂದು ಕಡೆ ಗಂಡು ನೋಡುತ್ತೇನೆ ಅಂದರು. ಬೇಡ ಅಂದೆ. ಈ ಸಲ ನಾನೇ ಅಂದದ್ದು.

ಇಲ್ಲಿ ಮತ್ತೆ ಗುಂಡು ಹಾರುವುದು ಶುರುವಾಗಿದೆ. ಸಂಜೆ ಐದಕ್ಕೆ ಅಂಗಡಿ ಮುಚ್ಚುತ್ತೇವೆ. ರಸ್ತೆ ಎಷ್ಟು ದಿನ ತೆರೆದಿರುತ್ತದೋ ಗೊತ್ತಿಲ್ಲ.

ಊರಿಗೆ ಬರುವ ವಿಷಯ ಕೇಳಿದ್ದೀರಿ. ಮನೆ ಅಪ್ಪನದು, ಅರ್ಧ ನಿಮ್ಮದು. ನನ್ನ ಅಪ್ಪಣೆ ಬೇಕಾಗಿಲ್ಲ. ಮೂಡಣ ಕೋಣೆಯನ್ನು ಗುಡಿಸಿಡುತ್ತೇನೆ. ಚಿಕ್ಕಮ್ಮ ಪಿಟ್ಟು ಮಾಡಿ ಬಡಿಸುತ್ತಾರೆ, ನೀವು ಬಂದಿರಿ ಅಂತ ಅಳುತ್ತಾರೆ.

ಅಂಗಡಿಯ ಬಾಗಿಲ ಪಕ್ಕದಲ್ಲಿ ಗಿರಾಕಿಗಳಿಗೆ ಒಂದು ಬೆಂಚು ಹಾಕಿಸಿದ್ದೇನೆ. ಹೊಲಿಯಲು ಕೊಡುವುದೇನಾದರೂ ಇದ್ದರೆ ಬಂದು ಅಲ್ಲಿ ಕೂತಿರಿ. ನಿಮ್ಮ ಸರದಿ ಬಂದಾಗ ನಿರೂಪಾ ಕರೆಯುತ್ತಾಳೆ.

ಇತಿ,
ತವಮಲರ್